ವಲಯಗಳ ಅರ್ಹತಾ ಪದ್ಧತಿ: ಇನ್ನೊಂದು ಹಂತ ಸೇರಿಸಬೇಕೋ, ಸೀಟು ಹಂಚಿಕೆ ಸರಿಪಡಿಸಬೇಕೋ?

ಸ್ಕೋರ್‌ಟೇಬಲ್ (ಪ್ರಶ್ನೆ)

ವಿದ್ಯಾರ್ಥಿಗಳ ರೋಬೋಟಿಕ್ಸ್ ಸ್ಪರ್ಧೆಯ ಅರ್ಹತಾ ನಿಯಮಗಳನ್ನು ಮುಂದಿನ ಸೀಸನ್‌ಗೆ ಹೊಸದಾಗಿ ಬರೆಯಬೇಕಿದೆ. ಈಗಿನ ಸ್ಥಿತಿ ಹೀಗಿದೆ. ನಾಲ್ಕು ವಲಯಗಳು: ಕ ವಲಯದಲ್ಲಿ 140 ತಂಡ, ಖದಲ್ಲಿ 62, ಗದಲ್ಲಿ 31, ಘದಲ್ಲಿ 11. ಒಟ್ಟು 244. ಮೊದಲು ಸ್ಥಳೀಯ ಸುತ್ತು, ಆಮೇಲೆ ವಲಯ ಚಾಂಪಿಯನ್‌ಶಿಪ್, ಕೊನೆಗೆ 36 ತಂಡಗಳ ಫೈನಲ್ಸ್. ಪಂದ್ಯದಲ್ಲಿ ಎರಡು ತಂಡಗಳ ಅಲಯನ್ಸ್ (ಜೊತೆಯಾಗಿ ಆಡುವ ಜೋಡಿ) ಎದುರು ಇನ್ನೆರಡು ತಂಡಗಳ ಅಲಯನ್ಸ್. ಸ್ಥಳೀಯ ಸುತ್ತಿನಲ್ಲಿ 24 ತಂಡ, ತಲಾ 5 ಪಂದ್ಯ. ಗೆದ್ದ ಅಲಯನ್ಸ್‌ನ ಎರಡು ತಂಡ ಮತ್ತು ಜಡ್ಜ್‌ಗಳ ದೊಡ್ಡ ಪ್ರಶಸ್ತಿ ಪಡೆದ ಒಂದು ತಂಡ ಮೇಲೆ ಹೋಗುತ್ತವೆ.

ಎಡವಟ್ಟು ಇರುವುದು ಇಲ್ಲಿ: ಫೈನಲ್ಸ್‌ಗೆ ಪ್ರತಿ ವಲಯಕ್ಕೂ ಸಮನಾಗಿ 9 ಸೀಟು. ಘ ವಲಯದ 11 ತಂಡಗಳಲ್ಲಿ 9 ಫೈನಲ್ಸ್‌ಗೆ ಬರುತ್ತವೆ. ಕ ವಲಯದಲ್ಲಿ 140ರಲ್ಲಿ ಹತ್ತನೆಯದಾಗಿ ನಿಂತ ತಂಡ ಮನೆಯಲ್ಲಿ ಉಳಿಯುತ್ತದೆ. ವಲಯ ಚಾಂಪಿಯನ್‌ಶಿಪ್ ಮತ್ತು ಫೈನಲ್ಸ್ ನಡುವೆ ಎರಡೆರಡು ವಲಯ ಸೇರಿಸಿ ಒಂದು ಅಂತರ-ವಲಯ ಹಂತ ತಂದರೆ ಸರಿಹೋಗುತ್ತದೆ ಎಂಬ ಸಲಹೆ ಬಂದಿದೆ. ಅನುಭವಿಗಳು ಏನಂತೀರಿ? ಲೆಕ್ಕ ಸಮೇತ ಹೇಳಿದರೆ ಅನುಕೂಲ.

ಪಿಟ್‌ಲೇನ್

ಹಂತ ಸೇರಿಸಬೇಡಿ. ಕೆಟ್ಟಿರುವುದು ಹಂಚಿಕೆ, ಹಂತದ ಸಂಖ್ಯೆಯಲ್ಲ. ಅಂತರ-ವಲಯ ಹಂತಕ್ಕೂ ಇದೇ 9-9 ಸೀಟು ಹೋದರೆ ತಪ್ಪು ಒಂದು ಮೆಟ್ಟಿಲು ಮೇಲೆ ಹೋಗಿ ಕೂರುತ್ತದೆ, ಅಷ್ಟೇ. ತಂಡಗಳಿಗೆ ಮಾತ್ರ ಇನ್ನೊಂದು ಪ್ರಯಾಣ, ಇನ್ನೊಂದು ಪ್ರವೇಶ ಶುಲ್ಕ, ಪರೀಕ್ಷೆ ಹತ್ತಿರ ಬಂದಾಗ ಶಾಲೆಯಿಂದ ಇನ್ನೂ ಮೂರು ದಿನ ರಜೆ. ಅಮೆರಿಕದಲ್ಲಿ ಫಸ್ಟ್ ಟೆಕ್ ಚಾಲೆಂಜ್ ಎಂಬ ವಿದ್ಯಾರ್ಥಿಗಳ ರೋಬೋಟಿಕ್ಸ್ ಸ್ಪರ್ಧೆಗೆ ರಾಜ್ಯ ಮಟ್ಟ ಮತ್ತು ವಿಶ್ವ ಚಾಂಪಿಯನ್‌ಶಿಪ್ ನಡುವೆ ಸೂಪರ್ ರೀಜನಲ್ ಎಂಬ ಹಂತ ಕೆಲವು ವರ್ಷ ಇತ್ತು. 2018ರ ನಂತರ ಅದನ್ನು ಕೈಬಿಟ್ಟರು.

ಈಗ ಹಂಚಿಕೆಗೆ ಬರೋಣ. 244 ತಂಡ, 36 ಸೀಟು. ನೇರ ಅನುಪಾತ ಹಾಕಿದರೆ ಕಕ್ಕೆ 20.66, ಖಕ್ಕೆ 9.15, ಗಕ್ಕೆ 4.57, ಘಕ್ಕೆ 1.62. ಮುಕ್ಕಾಲು ತಂಡ ಕಳಿಸಲಾಗದು, ದುಂಡಗೆ ಮಾಡಲೇಬೇಕು. ಜಗಳ ಹುಟ್ಟುವುದೇ ಅಲ್ಲಿ. ಪೂರ್ಣಾಂಕ ಮಾತ್ರ ಕೊಟ್ಟರೆ 20, 9, 4, 1, ಒಟ್ಟು 34. ಉಳಿದ ಎರಡನ್ನು ದೊಡ್ಡ ಶೇಷ ಇರುವವರಿಗೆ ಕೊಡುವ ಪದ್ಧತಿಯಲ್ಲಿ ಕ ಮತ್ತು ಘಕ್ಕೆ ಒಂದೊಂದು ಹೋಗಿ 21, 9, 4, 2 ಆಗುತ್ತದೆ.

ನನ್ನ ಆಯ್ಕೆ ಇದಲ್ಲ. ಎಲ್ಲ ವಲಯಕ್ಕೂ ಒಂದೇ ಭಾಜಕ ಇಟ್ಟು, ಬಂದ ಸಂಖ್ಯೆಯನ್ನು ಮಾಮೂಲಿನಂತೆ ಅರ್ಧಕ್ಕೆ ದುಂಡಗೆ ಮಾಡಿ, ಮೊತ್ತ 36 ಬರುವವರೆಗೆ ಭಾಜಕ ಸರಿಸುತ್ತಾ ಹೋಗಿ. ವೆಬ್‌ಸ್ಟರ್ ಪದ್ಧತಿ ಅನ್ನುತ್ತಾರೆ, ಸಂಸತ್ತಿನ ಸೀಟು ಹಂಚಿಕೆಯ ಕಡೆಯಿಂದ ಬಂದದ್ದು. ಭಾಜಕ 6.8 ಇಟ್ಟರೆ 21, 9, 5, 2 ಬಂದು 37 ಆಗುತ್ತದೆ, ಒಂದು ಹೆಚ್ಚು. 6.85 ಇಟ್ಟರೆ 20.44, 9.05, 4.53, 1.61, ದುಂಡಗೆ ಮಾಡಿದರೆ 20, 9, 5, 2. ಸರಿಯಾಗಿ 36. ಕದಿಂದ ಒಂದು ಸೀಟು ಗಕ್ಕೆ ಬಂತು. ಶೇಷದ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ: ಒಟ್ಟು ಸೀಟು 36ರಿಂದ 37ಕ್ಕೆ ಏರಿದಾಗ ಯಾವುದೋ ವಲಯದ ಸೀಟು ಕಡಿಮೆಯಾಗುವ ಸಾಧ್ಯತೆ ಇರುತ್ತದೆ. ಭಾಜಕದ ಪದ್ಧತಿಯಲ್ಲಿ ಹಾಗಾಗದು. ಸೀಟು ಕಳೆದುಕೊಂಡ ವಲಯಕ್ಕೆ ಕಾರಣ ವಿವರಿಸಿ ಹೇಳಬಹುದಾದ ಪದ್ಧತಿ ಬೇಕು.

ಇನ್ನೊಂದು ಮುಖ್ಯ ವಿಷಯ. 140 ಅಂದರೆ ನೋಂದಾಯಿಸಿದ ತಂಡವೋ, ಆಡಿದ ತಂಡವೋ? ಹಿಂದಿನ ಸೀಸನ್‌ನಲ್ಲಿ ಇನ್‌ಸ್ಪೆಕ್ಷನ್ (ರೋಬೋಟ್ ನಿಯಮದಂತೆ ಇದೆಯೇ ಎಂಬ ತಪಾಸಣೆ) ಪಾಸಾಗಿ ಕನಿಷ್ಠ ಒಂದು ಪಂದ್ಯ ಆಡಿದ ತಂಡವನ್ನು ಮಾತ್ರ ಎಣಿಸಿ. ಇಲ್ಲದಿದ್ದರೆ ಸೀಟಿಗಾಗಿ ಹೆಸರಿಗೆ ಮಾತ್ರ ಇರುವ ತಂಡಗಳು ಹುಟ್ಟುತ್ತವೆ. ಒಬ್ಬ ವಿದ್ಯಾರ್ಥಿ ಒಂದೇ ತಂಡದಲ್ಲಿ, ಒಂದು ರೋಬೋಟ್ ಒಂದೇ ತಂಡದ ಹೆಸರಿನಲ್ಲಿ ಎಂಬುದನ್ನೂ ಅದೇ ಕಲಮಿನಲ್ಲಿ ಬರೆಯಿರಿ.

ಲೀಸ್ಟ್‌ಸ್ಕ್ವೇರ್ಸ್

ಸೀಟಿನ ಲೆಕ್ಕ ಒಪ್ಪಿದೆ. ಆದರೆ ಎಷ್ಟು ಸೀಟು ಎಂಬುದಕ್ಕಿಂತ ಆ ಸೀಟಿಗೆ ಯಾರು ಬಂದು ಕೂರುತ್ತಾರೆ ಎಂಬುದು ದೊಡ್ಡ ಪ್ರಶ್ನೆ. 5 ಪಂದ್ಯದ ರ‍್ಯಾಂಕಿಂಗ್ ಮೇಲೆ ಇಡೀ ಸೀಸನ್ ನಿಲ್ಲಿಸಿದ್ದೀರಿ. 24 ತಂಡದ ಸುತ್ತಿನಲ್ಲಿ ಒಂದು ತಂಡಕ್ಕೆ ಜೊತೆಗಾರರಾಗಿ ಸಿಗುವವರು 23ರಲ್ಲಿ ಹೆಚ್ಚೆಂದರೆ 5 ತಂಡ. ಆ ಐವರಲ್ಲಿ ಇಬ್ಬರ ರೋಬೋಟ್ ಫೀಲ್ಡ್‌ನಲ್ಲಿ ಕದಲದೆ ನಿಂತುಬಿಟ್ಟರೆ ಒಳ್ಳೆಯ ತಂಡವೂ ಹದಿನಾಲ್ಕನೇ ಸ್ಥಾನಕ್ಕೆ ಇಳಿಯುತ್ತದೆ. ಅದೃಷ್ಟದ ಪಾಲು ಪಂದ್ಯಗಳ ಸಂಖ್ಯೆಯ ವರ್ಗಮೂಲದ ಪ್ರಕಾರ ತಗ್ಗುತ್ತದೆ. 5ರಿಂದ 10ಕ್ಕೆ ಏರಿಸಿದರೆ ಸುಮಾರು ಶೇ 30 ಕಡಿಮೆ, ಅರ್ಧಕ್ಕೆ ಇಳಿಸಬೇಕಾದರೆ 20 ಪಂದ್ಯ ಬೇಕು.

ಒಂದೇ ದಿನದಲ್ಲಿ 10 ಪಂದ್ಯ ಆಡಿಸಲು ಆಗುತ್ತದಾ? ಲೆಕ್ಕ ಸರಳ: ತಂಡ ಗುಣಿಸು ಪಂದ್ಯ, ಭಾಗಿಸು 4. 24 × 5 ÷ 4 = 30 ಪಂದ್ಯ. ಒಂದು ಪಂದ್ಯದ ಶುರುವಿನಿಂದ ಮುಂದಿನದರ ಶುರುವಿಗೆ 7 ನಿಮಿಷ ಹಿಡಿದರೆ ಮೂರೂವರೆ ಗಂಟೆ. 10 ಪಂದ್ಯವಾದರೆ 7 ಗಂಟೆ. ಇನ್‌ಸ್ಪೆಕ್ಷನ್, ಜಡ್ಜ್ ಸಂದರ್ಶನ, ಪ್ಲೇಆಫ್ (ಕೊನೆಯ ನಾಕೌಟ್ ಪಂದ್ಯಗಳು) ಸೇರಿದರೆ ಒಂದು ದಿನಕ್ಕೆ ಹಿಡಿಸದು. ಹಾಗಾಗಿ ಒಂದೇ ದೊಡ್ಡ ಸುತ್ತಿನ ಬದಲು ಪ್ರತಿ ತಂಡಕ್ಕೂ ಎರಡು ಸಣ್ಣ ಸುತ್ತು ಕೊಡಿ. ತಲಾ 6 ಪಂದ್ಯ, 24 ತಂಡಕ್ಕೆ 36 ಪಂದ್ಯ, 4 ಗಂಟೆ 12 ನಿಮಿಷ. ತಂಡದ ಖಾತೆಗೆ ಒಟ್ಟು 12 ಪಂದ್ಯ ಬೀಳುತ್ತವೆ. ಎರಡು ಸುತ್ತಿನ ನಡುವೆ ರೋಬೋಟ್ ಸುಧಾರಿಸಲು ಸಮಯವೂ ಸಿಗುತ್ತದೆ. ಕಲಿಕೆಯ ದೃಷ್ಟಿಯಿಂದ ನೋಡಿದರೆ ಇಡೀ ಬದಲಾವಣೆಯಲ್ಲಿ ಇದಕ್ಕಿಂತ ಬೆಲೆಬಾಳುವುದು ಬೇರೊಂದಿಲ್ಲ. ಒಮ್ಮೆ ಸೋತು ಪೆಟ್ಟಿಗೆ ಕಟ್ಟಿದ ಮಕ್ಕಳು ಆ ರೋಬೋಟನ್ನು ಮತ್ತೆ ತೆರೆಯುವುದೇ ಇಲ್ಲ.

ಫಸ್ಟ್ ಸಂಸ್ಥೆಯದೇ ಇನ್ನೊಂದು ಸ್ಪರ್ಧೆಯಾದ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್ ಮಿಷಿಗನ್‌ನಲ್ಲಿ 2009ರಿಂದ ನಡೆಸುತ್ತಿರುವ ಡಿಸ್ಟ್ರಿಕ್ಟ್ ಪದ್ಧತಿಯ ತಿರುಳು ಇದೇ: ಎರಡು ಸಣ್ಣ ಸ್ಪರ್ಧೆ, ಎರಡರ ಪಾಯಿಂಟ್ ಕೂಡಿಸಿ ಪಟ್ಟಿ, ಪಟ್ಟಿಯ ಮೇಲ್ಭಾಗ ಡಿಸ್ಟ್ರಿಕ್ಟ್ ಚಾಂಪಿಯನ್‌ಶಿಪ್‌ಗೆ. ಅಲ್ಲಿಯ ಪಾಯಿಂಟ್‌ಗೆ ಮೂರು ಪಟ್ಟು ತೂಕ. ಅರ್ಹತಾ ಪಂದ್ಯಗಳ ಸ್ಥಾನಕ್ಕೆ ಗರಿಷ್ಠ 22 ಪಾಯಿಂಟ್. ಸೂತ್ರದಲ್ಲಿ ವಿಲೋಮ ದೋಷ ಫಲನ ಇದೆ. ನೋಡಲು ಕಷ್ಟ ಅನ್ನಿಸಿದರೂ ಉದ್ದೇಶ ಸರಳ: 40 ತಂಡದ ಸ್ಪರ್ಧೆಯಲ್ಲಿ ಮೊದಲಿಗರಿಗೆ 22, ಹತ್ತನೆಯವರಿಗೆ 16, ಇಪ್ಪತ್ತನೆಯವರಿಗೆ 13, ಕೊನೆಯವರಿಗೆ 4. ಮೊದಲ ಒಂಬತ್ತು ಮೆಟ್ಟಿಲು ಇಳಿದರೆ 6 ಪಾಯಿಂಟ್ ಹೋಗುತ್ತದೆ, ಆಮೇಲಿನ ಹತ್ತು ಮೆಟ್ಟಿಲಿಗೆ ಬರೀ 3. ನಡುವಿನ ತಂಡಗಳ ನಿಜವಾದ ಸಾಮರ್ಥ್ಯದಲ್ಲಿ ಅಂತರ ಕಡಿಮೆ, ಅಲ್ಲಿ ಸ್ಥಾನ ಹೆಚ್ಚಾಗಿ ಅದೃಷ್ಟದ್ದು. ಅದಕ್ಕೆ ತಕ್ಕಂತೆ ಪಾಯಿಂಟ್ ಕೂಡ ಅಲ್ಲಿ ಒತ್ತೊತ್ತಾಗಿದೆ. ಅಲಯನ್ಸ್ ಆಯ್ಕೆಯಲ್ಲಿ, ಅಂದರೆ ಮೇಲಿನ ತಂಡಗಳು ಪ್ಲೇಆಫ್‌ಗೆ ಜೊತೆಗಾರರನ್ನು ಆರಿಸುವಾಗ, ನಾಯಕ ತಂಡಕ್ಕೂ ಅದು ಮೊದಲು ಆರಿಸಿದ ತಂಡಕ್ಕೂ 17ರಿಂದ ಅಲಯನ್ಸ್ ಸಂಖ್ಯೆ ಕಳೆದಷ್ಟು, ಅಂದರೆ ಒಂದನೇ ಅಲಯನ್ಸ್‌ಗೆ 16, ಎಂಟನೆಯದಕ್ಕೆ 9. ಪ್ಲೇಆಫ್ ಗೆದ್ದರೆ 30. ಪ್ರಶಸ್ತಿಗಳಿಗೆ 5ರಿಂದ 10.

ಕಣ್ಣಿಗೆ ಕಾಣದ ಒಂದು ನಿಯಮವನ್ನು ಮರೆಯದೆ ತೆಗೆದುಕೊಳ್ಳಿ: ತಂಡ ಎಷ್ಟೇ ಸ್ಪರ್ಧೆ ಆಡಲಿ, ಲೆಕ್ಕಕ್ಕೆ ಬರುವುದು ಮೊದಲ ಎರಡು ಮಾತ್ರ. "ಅತ್ಯುತ್ತಮ ಎರಡು" ಎಂದು ಬರೆದರೆ ಹಣವಿರುವ ತಂಡ ನಾಲ್ಕು ಸುತ್ತು ಆಡಿ ಒಳ್ಳೆಯ ಎರಡನ್ನು ಇಟ್ಟುಕೊಳ್ಳುತ್ತದೆ.

ವೇಳಾಪಟ್ಟಿ ಮಾಡುವಾಗ ಗಮನಿಸಿ: 6 ಪಂದ್ಯವಾದರೆ ತಂಡಗಳ ಸಂಖ್ಯೆ ಸಮಸಂಖ್ಯೆ ಆದರೆ ಸಾಕು, ಸರಿಯಾಗಿ ಭಾಗವಾಗುತ್ತದೆ. 5 ಪಂದ್ಯವಾದರೆ 4ರ ಗುಣಕವೇ ಬೇಕು. 26 ತಂಡ, 5 ಪಂದ್ಯ ಅಂದರೆ 130 ಸರದಿ, 4ರಿಂದ ಭಾಗವಾಗದು. 33 ಪಂದ್ಯ ಇಟ್ಟು ಎರಡು ತಂಡ ಲೆಕ್ಕಕ್ಕೆ ಬಾರದ ಒಂದೊಂದು ಹೆಚ್ಚುವರಿ ಪಂದ್ಯ ಆಡಬೇಕಾಗುತ್ತದೆ. ಯಾವ ಪಂದ್ಯ ಲೆಕ್ಕಕ್ಕಿಲ್ಲ ಎಂದು ಪಟ್ಟಿಯಲ್ಲೇ ಗುರುತು ಹಾಕಿ.

ಸ್ಕೋರ್‌ಟೇಬಲ್

ಇಬ್ಬರಿಗೂ ಧನ್ಯವಾದ. ಎರಡು ಅನುಮಾನ. ಪಾಯಿಂಟ್ ಪಟ್ಟಿ ಇದ್ದ ಮೇಲೆ ವಲಯವಾರು ಸೀಟು ಯಾಕೆ? 244 ತಂಡವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ಮೇಲಿನ 36 ತೆಗೆದುಕೊಂಡರೆ ಆಗದೇ? ಎರಡನೆಯದು, ಘ ವಲಯದಲ್ಲಿ 11 ತಂಡ ಇಟ್ಟುಕೊಂಡು ಎರಡು ಸುತ್ತು ನಡೆಸುವುದು ಹೇಗೆ?

ಲೀಸ್ಟ್‌ಸ್ಕ್ವೇರ್ಸ್

ಮೊದಲನೆಯದಕ್ಕೆ: ಆಗದು. ಪಾಯಿಂಟ್ ಅಂದರೆ ಆ ದಿನ ಅಲ್ಲಿದ್ದ ತಂಡಗಳ ನಡುವಿನ ಸ್ಥಾನ, ಅಷ್ಟೇ. ದುರ್ಬಲ ಸ್ಪರ್ಧೆಯ ಮೊದಲಿಗರಿಗೂ 22, ಬಲಿಷ್ಠ ಸ್ಪರ್ಧೆಯ ಮೊದಲಿಗರಿಗೂ 22. ಒಂದೇ ವಲಯದೊಳಗೆ ತಂಡಗಳು ಬೇರೆ ಬೇರೆ ಸುತ್ತುಗಳಲ್ಲಿ ಕಲೆತು ಆಡುವುದರಿಂದ ಈ ವ್ಯತ್ಯಾಸ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಕ ಮತ್ತು ಘದ ತಂಡಗಳು ಪರಸ್ಪರ ಆಡುವುದೇ ಇಲ್ಲ. ಹಾಗಿರುವಾಗ ಅವರ ಪಾಯಿಂಟ್ ಪಕ್ಕಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ವಲಯದೊಳಗೆ ಪಾಯಿಂಟ್, ವಲಯಗಳ ನಡುವೆ ಸೀಟು. ಇವೆರಡನ್ನು ಕಲಸಬೇಡಿ.

ಹಳೆಯ ವರ್ಷಗಳ ಸಾಧನೆ ನೋಡಿ ವಲಯಕ್ಕೆ ಹೆಚ್ಚು ಸೀಟು ಕೊಡುವ ಸಲಹೆಯೂ ಬರುತ್ತದೆ, ಅದನ್ನೂ ಒಪ್ಪಬೇಡಿ. ಮೂರು ವರ್ಷದ ಹಿಂದೆ ಗೆದ್ದ ವಿದ್ಯಾರ್ಥಿಗಳು ಈಗ ಶಾಲೆಯಲ್ಲೇ ಇರುವುದಿಲ್ಲ. ಅವರ ಗೆಲುವಿನ ಬಾಬತ್ತು ಈಗಿನ ಮಕ್ಕಳಿಗೆ ಕೊಡುವುದಾಗಲಿ ಕಿತ್ತುಕೊಳ್ಳುವುದಾಗಲಿ ನ್ಯಾಯವಲ್ಲ.

ಸಣ್ಣವಲಯ

ಘದ ಪರವಾಗಿ ಮಾತಾಡುವವರು ಬೇಕಲ್ಲ. ಒಂಬತ್ತು ಸೀಟು ಅತಿಯಾಯಿತು, ಒಪ್ಪುತ್ತೇನೆ. ಆದರೆ ಲೆಕ್ಕ ಹಾಕಿದಾಗ ಯಾವತ್ತಾದರೂ ಒಂದೇ ಸೀಟು ಬಂದರೆ ಆ ವಲಯ ಸೊರಗುತ್ತದೆ. ಒಂದು ಸೀಟು ಎಂದರೆ ಹೆಚ್ಚಾಗಿ ಹಳೆಯ ಒಂದು ತಂಡದ ಖಾಯಂ ಆಸ್ತಿ. ಉಳಿದ ಹತ್ತು ತಂಡಕ್ಕೆ ಗುರಿಯೇ ಇಲ್ಲದಂತಾಗುತ್ತದೆ. ಕನಿಷ್ಠ ಎರಡು ಎಂದು ನಿಯಮದಲ್ಲೇ ಬರೆಯಿರಿ. 8ಕ್ಕಿಂತ ಕಡಿಮೆ ತಂಡ ಆಡಿದರೆ ಮಾತ್ರ ಪಕ್ಕದ ವಲಯಕ್ಕೆ ಸೇರಿಸಿ.

ಸುತ್ತಿನ ಪ್ರಶ್ನೆಗೆ ಉತ್ತರ ಲೀಗ್, ಅಂದರೆ ಅದೇ ತಂಡಗಳು ಮತ್ತೆ ಮತ್ತೆ ಸೇರಿ ಆಡುವ ಸಣ್ಣ ಕೂಟಗಳ ಸರಣಿ. 11 ತಂಡಕ್ಕೆ ದೊಡ್ಡ ಸಭಾಂಗಣ, ವೇದಿಕೆ, ಧ್ವನಿವರ್ಧಕ ಏನೂ ಬೇಡ. ಶಾಲೆಯ ಒಂದು ಹಾಲ್, ಒಂದು ಫೀಲ್ಡ್, ಒಬ್ಬ ಮುಖ್ಯ ರೆಫರಿ, ಇಬ್ಬರು ಸಹ ರೆಫರಿ, ಸ್ಕೋರ್ ಹಾಕುವವರೊಬ್ಬರು ಸಾಕು. ಗ ವಲಯದ ಗಡಿಯಲ್ಲಿರುವ ಒಂದು ತಂಡವನ್ನು ಅತಿಥಿಯಾಗಿ ಕರೆದು 12 ಮಾಡಿಕೊಂಡರೆ 12 × 6 ÷ 4 = 18 ಪಂದ್ಯ, 2 ಗಂಟೆ 6 ನಿಮಿಷ. ಮಧ್ಯಾಹ್ನದೊಳಗೆ ಮುಗಿಯುತ್ತದೆ. ಇಂಥ ಮೂರು ಕೂಟ ಮಾಡಿ. ಫಸ್ಟ್ ಟೆಕ್ ಚಾಲೆಂಜ್‌ನ ಲೀಗ್‌ಗಳಲ್ಲಿ ಕೂಟಗಳ ಪಂದ್ಯಗಳಲ್ಲಿ ಉತ್ತಮವಾದ 10 ಮಾತ್ರ ಮುಂದಿನ ರ‍್ಯಾಂಕಿಂಗ್‌ಗೆ ಒಯ್ಯುವ ಕ್ರಮವಿದೆ. ಸಣ್ಣ ವಲಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಒಮ್ಮೆ ಬಸ್ ತಪ್ಪಿತು, ಮದರ್‌ಬೋರ್ಡ್ ಸುಟ್ಟಿತು ಎಂದು ಇಡೀ ಸೀಸನ್ ಹಾಳಾಗುವುದಿಲ್ಲ.

ಮೇಲೆ ಹೇಳಿದ "ಮೊದಲ ಎರಡು" ನಿಯಮಕ್ಕೆ ಇದು ವಿರುದ್ಧ ಅನ್ನಿಸಬಹುದು. ಆದರೆ ಲೀಗ್‌ನಲ್ಲಿ ಎಲ್ಲರಿಗೂ ಅದೇ ಮೂರು ಕೂಟ, ಹಣ ಕೊಟ್ಟು ನಾಲ್ಕನೆಯದು ಕೊಳ್ಳಲು ಬರುವುದಿಲ್ಲ. ಅತಿಥಿ ತಂಡಕ್ಕೆ ಮಾತ್ರ ಅಲ್ಲಿ ಪಾಯಿಂಟ್ ಕೊಡಬೇಡಿ, ಅದು ತನ್ನ ವಲಯದಲ್ಲೇ ಗಳಿಸಲಿ.

ಫೀಲ್ಡ್‌ಟೆಕ್

36ನ್ನೂ ವಲಯಗಳಿಗೆ ಹಂಚಿಬಿಟ್ಟರೆ ಬಲಿಷ್ಠ ವಲಯದ ಇಪ್ಪತ್ತೊಂದನೇ ತಂಡದ ದೂರು ಹಾಗೇ ಉಳಿಯುತ್ತದೆ. 30 ಮಾತ್ರ ಹಂಚಿ, 6ನ್ನು ಎಲ್ಲ ವಲಯಕ್ಕೂ ಮುಕ್ತವಾಗಿಡಿ. ಘಕ್ಕೆ ಕನಿಷ್ಠ 2 ಎಂದು ಮೊದಲೇ ತೆಗೆದಿಟ್ಟು, ಉಳಿದ 28ನ್ನು 8.32 ಭಾಜಕದಲ್ಲಿ ಹಂಚಿದರೆ ಕ 17, ಖ 7, ಗ 4. ಕನಿಷ್ಠ ಮಿತಿ ಇರದಿದ್ದರೆ 17, 8, 4, 1 ಬರುತ್ತಿತ್ತು. ಅಂದರೆ ಘಕ್ಕೆ ಕೊಟ್ಟ ಎರಡನೇ ಸೀಟಿನ ಬೆಲೆ ತೆರುವುದು ಖ. ಇದನ್ನು ಖ ವಲಯದವರಿಗೆ ಮೊದಲೇ ಬಾಯಿಬಿಟ್ಟು ಹೇಳಿ, ಆಮೇಲೆ ಅವರೇ ಕಂಡುಹಿಡಿಯುವಂತಾಗಬಾರದು.

ಆ 6 ಸೀಟಿಗೆ ಅಳತೆಗೋಲು ಏನು? ಎದುರಾಳಿ ಇಲ್ಲದ, ಜೊತೆಗಾರರಿಲ್ಲದ ಒಂಟಿ ಓಟ. ವೆಕ್ಸ್ ವಿ5 ಎಂಬ ಇನ್ನೊಂದು ರೋಬೋಟಿಕ್ಸ್ ಸ್ಪರ್ಧೆಯಲ್ಲಿ ಸ್ಕಿಲ್ಸ್ ಎಂದು ಕರೆಯುವುದು ಅದನ್ನೇ: 60 ಸೆಕೆಂಡ್ ಡ್ರೈವರ್ ಓಟ, 60 ಸೆಕೆಂಡ್ ಸ್ವಯಂಚಾಲಿತ ಓಟ, ಎರಡರ ಉತ್ತಮ ಅಂಕ ಕೂಡಿಸಿ ಪಟ್ಟಿ. ವಲಯ ದಾಟಿ ಹೋಲಿಸಲು ಬರುವ ಸಂಖ್ಯೆ ಇದೊಂದೇ. ಆದರೆ ಅಲಯನ್ಸ್ ಜೊತೆ ಹೊಂದಿಕೊಂಡು ಆಡುವುದು, ಎದುರಾಳಿ ಅಡ್ಡ ಬಂದಾಗ ದಾರಿ ಬದಲಿಸುವುದು ಇದರಲ್ಲಿ ಕಾಣುವುದಿಲ್ಲ. ಹಾಗಾಗಿ 6ಕ್ಕಿಂತ ಹೆಚ್ಚು ಕೊಡಬೇಡಿ.

ಸಮಯದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಓಟ 60 ಸೆಕೆಂಡ್, ಆದರೆ ರೋಬೋಟ್ ಇಡುವುದು, ಅಂಕ ಎಣಿಸುವುದು, ಆಟದ ವಸ್ತುಗಳನ್ನು ಮತ್ತೆ ಜೋಡಿಸುವುದು ಸೇರಿ 4 ನಿಮಿಷ. ಉದಾಹರಣೆಗೆ 36 ತಂಡದ ಸ್ಪರ್ಧೆಯಲ್ಲಿ ತಲಾ 3 ಡ್ರೈವರ್, 3 ಸ್ವಯಂಚಾಲಿತ ಓಟ ಕೊಟ್ಟರೆ 864 ನಿಮಿಷ. ಎರಡು ಫೀಲ್ಡ್ ಇದ್ದರೂ 7 ಗಂಟೆ 12 ನಿಮಿಷ. ಎರಡೆರಡಕ್ಕೆ ಇಳಿಸಿದರೆ 4 ಗಂಟೆ 48 ನಿಮಿಷ. ಎಲ್ಲ ವಲಯದಲ್ಲೂ ಓಟದ ಸಂಖ್ಯೆ ಒಂದೇ ಇರಲೇಬೇಕು. ಒಂದು ಕಡೆ ಮೂರು ಅವಕಾಶ, ಇನ್ನೊಂದು ಕಡೆ ಎರಡು ಆದರೆ ಪಟ್ಟಿ ಅಲ್ಲಿಗೇ ಕೆಟ್ಟಿತು.

ಫೀಲ್ಡ್ ಕೂಡ ಒಂದೇ ತರಹ ಇರಬೇಕು. 12 ಅಡಿ ಚೌಕದ ಫೀಲ್ಡ್ ಅಂದರೆ 2 ಅಡಿಯ 36 ಫೋಮ್ ಟೈಲ್. ಹಳೆಯ ಟೈಲ್‌ನ ನಡುಭಾಗ ತುಳಿದು ತುಳಿದು ಗಟ್ಟಿಯಾಗಿರುತ್ತದೆ, ಹೊಸದರಲ್ಲಿ ಚಕ್ರ ಸ್ವಲ್ಪ ಹೂಳುತ್ತದೆ. ಚಕ್ರದ ಸುತ್ತು ಎಣಿಸಿ ದೂರ ಅಳೆಯುವ ರೋಬೋಟ್‌ಗೆ ಈ ವ್ಯತ್ಯಾಸ ಸಾಕು, ಸ್ವಯಂಚಾಲಿತ ಓಟದ ಕೊನೆಯಲ್ಲಿ ಗುರಿ ತಪ್ಪುತ್ತದೆ. ಟೈಲ್ ಹಲ್ಲುಗಳು ಪೂರ್ತಿ ಕೂತಿವೆಯಾ ಎಂದು ಮೂಲೆಯಿಂದ ಮೂಲೆಗೆ ಕೈಯಾಡಿಸಿ ನೋಡಿ. ಒಂದು ಅಂಚು ಎದ್ದಿದ್ದರೂ ಸಣ್ಣ ಚಕ್ರ ಅಲ್ಲಿ ಹಾರುತ್ತದೆ. ಕ್ಯಾಮೆರಾದಿಂದ ಏಪ್ರಿಲ್‌ಟ್ಯಾಗ್ (ಸ್ಥಾನ ಗುರುತಿಸಲು ಅಂಟಿಸುವ ಕಪ್ಪು-ಬಿಳುಪು ಚೌಕದ ಗುರುತು) ಓದುವ ರೋಬೋಟ್‌ಗೆ ಟ್ಯಾಗ್‌ನ ಹಿಂದೆ ಬಿಸಿಲಿನ ಕಿಟಕಿ ಇದ್ದರೆ ಟ್ಯಾಗ್ ಬರೀ ಕಪ್ಪಾಗಿ ಕಾಣುತ್ತದೆ, ಪರದೆ ಎಳೆಯಿರಿ. ಒಣ ಹವೆಯಲ್ಲಿ ಫೋಮ್ ಮೇಲೆ ಓಡುವ ರೋಬೋಟ್‌ಗೆ ಸ್ಥಿರ ವಿದ್ಯುತ್ ತುಂಬಿ, ಲೋಹಕ್ಕೆ ತಾಗಿದ ಕೂಡಲೇ ಸಂಪರ್ಕ ಕಡಿಯುತ್ತದೆ. ಹಿಂದಿನ ರಾತ್ರಿಯೇ ಟೈಲ್‌ಗೆ ಆ್ಯಂಟಿಸ್ಟ್ಯಾಟಿಕ್ ಸ್ಪ್ರೇ ಹೊಡೆದು ಒಣಗಲು ಬಿಡಿ, ಬೆಳಗ್ಗೆ ಹೊಡೆದರೆ ಚಕ್ರ ಜಾರುತ್ತದೆ.

ಪಿಟ್‌ಲೇನ್

ಈ ರಚನೆ ಒಪ್ಪಿಗೆಯೇ. ಇನ್ನು ಉಳಿದದ್ದು ಸೀಟು ಕೆಳಗಿಳಿಯುವ ಕ್ರಮ. ಇದನ್ನು ಬರೆಯದೆ ಬಿಟ್ಟರೆ ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತವೆ.

ಪ್ರಶಸ್ತಿ ಸೀಟನ್ನು ಮೊದಲು ತುಂಬಿ, ಆಮೇಲೆ ಪಾಯಿಂಟ್ ಸೀಟು. ಪ್ರಶಸ್ತಿ ಪಡೆದ ತಂಡ ಪಾಯಿಂಟ್‌ನಲ್ಲೂ ಮೇಲಿದ್ದರೆ ಪಾಯಿಂಟ್ ಸೀಟು ಅದೇ ವಲಯದ ಮುಂದಿನ ತಂಡಕ್ಕೆ. ಮುಕ್ತ 6 ಸೀಟು ಎಲ್ಲ ವಲಯ ಮುಗಿದ ಮೇಲೆ ಕೊನೆಗೆ. ಆಗಲೇ ಅರ್ಹರಾದವರ ಹೆಸರು ಬಿಟ್ಟು ಪಟ್ಟಿಯಲ್ಲಿ ಕೆಳಗಿಳಿಯುತ್ತಾ ಹೋಗಿ. ಹಾಗಾಗಿ ನಾಲ್ಕೂ ವಲಯ ಚಾಂಪಿಯನ್‌ಶಿಪ್ ಎರಡು ವಾರದೊಳಗೆ ಮುಗಿಯಲೇಬೇಕು. ಸೀಟು ಸಿಕ್ಕ ತಂಡ 7 ದಿನದೊಳಗೆ ಬರುತ್ತೇವೆ ಅಥವಾ ಇಲ್ಲ ಅನ್ನಬೇಕು, ಮೌನವಿದ್ದರೆ ಇಲ್ಲ ಎಂದೇ ಅರ್ಥ. ಕೊನೆಯ ಸ್ಥಳೀಯ ಸುತ್ತಿಗೂ ವಲಯ ಚಾಂಪಿಯನ್‌ಶಿಪ್‌ಗೂ 3 ವಾರ, ಅಲ್ಲಿಂದ ಫೈನಲ್ಸ್‌ಗೆ 5 ವಾರ. ಅದಕ್ಕಿಂತ ಕಡಿಮೆಯಾದರೆ ಪಟ್ಟಿಯಲ್ಲಿ ತಡವಾಗಿ ಹೆಸರು ಬಂದ ತಂಡಕ್ಕೆ ಟಿಕೆಟ್ ಸಿಗದು, ಸೀಟು ಖಾಲಿ ಹೋಗುತ್ತದೆ.

ಪ್ರಶಸ್ತಿಗೆ ಎಷ್ಟು ಸೀಟು ಎಂಬುದು ಸೂಕ್ಷ್ಮ. ಜಡ್ಜ್‌ಗಳ ತಂಡ ಊರಿಂದೂರಿಗೆ ಬದಲಾಗುತ್ತದೆ, ಹತ್ತು ನಿಮಿಷದ ಸಂದರ್ಶನವನ್ನು ಸುತ್ತಿನಿಂದ ಸುತ್ತಿಗೆ ಹೋಲಿಸಲು ಬರುವುದಿಲ್ಲ. ಸ್ಥಳೀಯ ಸುತ್ತಿನಲ್ಲಿ ಪ್ರಶಸ್ತಿಗೆ ಪಾಯಿಂಟ್ ಮಾತ್ರ ಕೊಡಿ. ವಲಯ ಚಾಂಪಿಯನ್‌ಶಿಪ್‌ನಲ್ಲಿ ಕಕ್ಕೆ ಎರಡು, ಖ ಮತ್ತು ಗಕ್ಕೆ ಒಂದೊಂದು ಸೀಟು. ಘದ ಎರಡೂ ಸೀಟು ಪಾಯಿಂಟ್‌ಗೇ ಇರಲಿ, ಪ್ರಶಸ್ತಿಯ ಪಾಯಿಂಟ್ ಅದರಲ್ಲಿ ಸೇರಿಕೊಳ್ಳುತ್ತದೆ. ಪ್ರಶಸ್ತಿ ವಿಜೇತರು ಬರಲಾಗದಿದ್ದರೆ ಆ ಸೀಟು ಪ್ರಶಸ್ತಿಯ ಎರಡನೆಯವರಿಗೆ ಹೋಗಬೇಕು, ಪಾಯಿಂಟ್ ಪಟ್ಟಿಗೆ ಬೀಳಬಾರದು.

ಸ್ಕೋರ್‌ಟೇಬಲ್

ಕರಡಿಗೆ ಇಷ್ಟು ಸಾಕಾಯಿತು. ಒಂದೇ ತೊಡಕು: ಕ ವಲಯದ 140 ತಂಡಕ್ಕೆ ತಲಾ ಎರಡು ಸುತ್ತು ಅಂದರೆ 280 ಪ್ರವೇಶ, 24ರಂತೆ 12 ಸುತ್ತು. ಈಗ ನಡೆಸುತ್ತಿರುವುದು 6. ಅಷ್ಟು ಮುಖ್ಯ ರೆಫರಿಗಳು ಇಲ್ಲ.

ಸಣ್ಣವಲಯ

ಮೊದಲ ವರ್ಷ ಒಂದೇ ಹಾಲ್‌ನಲ್ಲಿ ಶನಿವಾರ ಒಂದು ಸುತ್ತು, ಭಾನುವಾರ ಇನ್ನೊಂದು ಇಡಿ. ಫೀಲ್ಡ್ ಒಮ್ಮೆ ಹಾಕಿದರೆ ಸಾಕು, ಅದೇ ರೆಫರಿಗಳು ಎರಡೂ ದಿನ ಇರುತ್ತಾರೆ, ಆರು ವಾರಾಂತ್ಯದಲ್ಲಿ ಹನ್ನೆರಡೂ ಮುಗಿಯುತ್ತವೆ. ಆದರೆ ಒಂದು ತಂಡವನ್ನು ಒಂದೇ ವಾರಾಂತ್ಯದ ಎರಡೂ ದಿನಕ್ಕೆ ಹಾಕಬೇಡಿ. ಶನಿವಾರ ಮುರಿದ ತೋಳನ್ನು ಸರಿಮಾಡಿಕೊಂಡು ಬರಲು ಅವರಿಗೆ ಕನಿಷ್ಠ ಎರಡು ವಾರ ಬೇಕು. ಜೊತೆಗೆ ಪ್ರತಿ ವಾರಾಂತ್ಯವೂ ಒಬ್ಬ ಸಹ ರೆಫರಿಯನ್ನು ಭಾನುವಾರದ ಬೆಳಗಿನ ಪಂದ್ಯಗಳಿಗೆ ಮುಖ್ಯ ರೆಫರಿಯಾಗಿ ನಿಲ್ಲಿಸಿ, ಅನುಭವಿ ಪಕ್ಕದಲ್ಲೇ ಇರಲಿ. ಸೀಸನ್ ಮುಗಿಯುವಷ್ಟರಲ್ಲಿ ಆರು ಜನ ತಯಾರಾಗುತ್ತಾರೆ.